'ಕಡಿಮೆ ಆತಾ?' ಅಂತ ಕೇಳಿದರೆ ಏನು ಹೇಳೋದು?

ಎಲ್ಲರಿಗೂ ನಮಸ್ಕಾರ, ಶಿರಸಿಯಿಂದ.

ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಮದ್ದುಗಳ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಬಿದ್ದಿದ್ದೇನೆ.

ಲೆಕನೆಮ್ಯಾಬ್ ಅನ್ನೋ ಮದ್ದಿನ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಆಲ್‌ಝೈಮರ್ (ಮರೆವಿನ ಕಾಯಿಲೆಯ ಒಂದು ಬಗೆ) ಶುರುವಿನ ಹಂತದ 1,795 ಜನ, 18 ತಿಂಗಳು. ಅಳತೆಗೋಲು 0ಯಿಂದ 18ರವರೆಗೆ, ಏರಿದಷ್ಟೂ ಕಾಯಿಲೆ ಜಾಸ್ತಿ. ಮದ್ದು ತಗೊಂಡವರದ್ದು ಸರಾಸರಿ 1.21 ಏರಿತು, ಹುಸಿಮದ್ದು (ಹೋಲಿಸಿ ನೋಡೋಕೆ ಕೊಡೋ, ಮದ್ದಿನ ಅಂಶ ಇಲ್ಲದ್ದು) ತಗೊಂಡವರದ್ದು 1.66. ವ್ಯತ್ಯಾಸ 0.45, 1.66ರ ಲೆಕ್ಕದಲ್ಲಿ ಅದನ್ನೇ 27% ಅಂತಾರೆ. ಅಂದರೆ ಇಬ್ಬರ ಸ್ಥಿತಿಯೂ ಕೆಳಗೇ ಇಳಿದಿದೆ, ಮದ್ದು ತಗೊಂಡವರದ್ದು ಸ್ವಲ್ಪ ನಿಧಾನಕ್ಕೆ, ಅಷ್ಟೇ.

ನಾನು ಸುಮ್ನೆ 'ಕಾಯಿಲೆ 27% ಕಡಿಮೆ' ಅಂತ ಬರೆದಿದ್ದೆ. ಪಕ್ಕದ ಮನೆಯ ಭಾವ ಓದಿ, "ಹಂಗಾರೆ ನಾಕು ಸಲ ಕೊಟ್ರೆ ಪೂರ್ತಿ ಗುಣ ಆಗ್ತು ಅಲ್ದಾ?" ಅಂದರು. ತಪ್ಪು ಅವರದ್ದಲ್ಲ. ನಮ್ಮಲ್ಲಿ ಜ್ವರ ಬಂದವರನ್ನೂ 'ಕಡಿಮೆ ಆತಾ' ಅಂತಲೇ ಕೇಳೋದು, ಅದರ ಅರ್ಥ ವಾಸಿಯಾಯಿತಾ ಅಂತ.

'ತಡೆ' ಅಂದರೆ ಪೂರ್ತಿ ನಿಂತಂತೆ. 'ಹತೋಟಿ'? ಅಡಿಕೆಗೆ ಕೊಳೆ ಬಂದಾಗ ಈ ಮಾತು ಆಡ್ತೇವೆ. ಮೈಲುತುತ್ತ, ಸುಣ್ಣದ ಮದ್ದು ಹೊಡೆದ ಮೇಲೂ ಒಂದಿಷ್ಟು ಕಾಯಿ ಉದುರುತ್ತದೆ, ಹೊಡೆಯದಿದ್ದರೆ ಅಡಿಕೆ ಗೊನೆಯೇ ಖಾಲಿ. ಅದೇನೋ ಹತ್ತಿರದ್ದು ಅನಿಸುತ್ತದೆ, ಆದರೆ ಮಳೆ ಮುಗಿದರೆ ಕೊಳೆಯೂ ಮುಗಿಯುತ್ತದೆ, ಈ ಕಾಯಿಲೆಗೆ ಆ ಭಾಗ್ಯ ಇಲ್ಲ.

'ಅಂಕ' ಅನ್ನೋದೂ ತೊಡಕೇ. 1975ರಿಂದ ಬಳಕೆಯಲ್ಲಿರುವ, ನೆನಪು-ಬುದ್ಧಿ ಅಳೆಯೋ 30 ಅಂಕದ ಪರೀಕ್ಷೆಯಲ್ಲಿ (MMSE) ಜಾಸ್ತಿ ಬಂದರೆ ಒಳ್ಳೆಯದು, ಮೇಲಿನದ್ದರಲ್ಲಿ ಕೆಟ್ಟದ್ದು. ಆ 30ರದ್ದರಲ್ಲಿ ಇವತ್ತು ಎಷ್ಟನೇ ತಾರೀಖು ಅಂತ ಕೇಳ್ತಾರೆ. ನಮ್ಮ ಆಯಿಯನ್ನು ಕೇಳಿದಾಗ "ನಾಳೆ ಏಕಾದಶಿ" ಅಂದಳು. ಪಂಚಾಂಗ ತೆಗೆದು ನೋಡಿದೆ, ಸರಿಯಾಗೇ ಇತ್ತು. ಅಂಕ ಮಾತ್ರ ಸಿಗಲಿಲ್ಲ.

ಸದ್ಯಕ್ಕೆ 'ಇಳಿಯೋದು ನಿಧಾನ ಆಯಿತು' ಅಂತ ಇಟ್ಟು, ಅಳತೆಯ ಜಾಗದಲ್ಲಿ 'ದೋಷದ ಅಂಕ' ಅಂತ ಬರೆದಿದ್ದೇನೆ. ಕುಮಟಾ, ಕಾರವಾರದ ಕಡೆ ಹೀಗೆ ಇಳಿಯೋದು ನಿಧಾನ ಆಗೋದಕ್ಕೆ ಒಂದೇ ಮಾತಿನ ಪದ ಏನಾದರೂ ಇದೆಯಾ? ಹಾಳೆ ಸೋಮವಾರ ಅಚ್ಚಿಗೆ ಹೋಗುತ್ತದೆ.