ತುಲೂಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ಹಳ್ಳಿಗಾಡಿನ ಜಾಗಗಳು: ಸಲಹೆ ಬೇಕು

ಕಾಫಿತೋಟದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಮಾನ ತಯಾರಿಕೆಯ ಕೆಲಸದ ನಿಮಿತ್ತ ಬೆಂಗಳೂರಿನಿಂದ ದಕ್ಷಿಣ ಫ್ರಾನ್ಸಿನ ತುಲೂಸ್‌ಗೆ ಬಂದು ನನಗೆ ಎರಡು ವರ್ಷವಾಯಿತು. ಬರುವ ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಸಕಲೇಶಪುರದಿಂದ ಮೂರು ವಾರದ ಮಟ್ಟಿಗೆ ಬರಲಿದ್ದಾರೆ. ಪ್ಯಾರಿಸ್‌ಗೆಂದು ನಾಲ್ಕು ದಿನ ಬೇರೆಯಾಗಿಯೇ ಇಟ್ಟಿರುವುದರಿಂದ ಆ ವಿಷಯ ಇಲ್ಲಿ ಬೇಡ. ಉಳಿದ ದಿನಗಳಲ್ಲಿ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ರಾತ್ರಿ ಊಟಕ್ಕೆ ಮನೆಗೇ ಮರಳಬಹುದಾದಂಥ, ಪೇಟೆಯ ಗದ್ದಲವಿಲ್ಲದ ಜಾಗಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ನಮ್ಮ ಇತಿಮಿತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮನಿಗೆ ಮಂಡಿನೋವು, ಸಮತಟ್ಟಾದ ದಾರಿಯಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಆದರೆ ಇಪ್ಪತ್ತು ಮೆಟ್ಟಿಲು ಹತ್ತಿದರೆ ಕುಳಿತುಬಿಡುತ್ತಾರೆ. ಅಪ್ಪ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಬೇಲೂರಿಗೆ ಹೋದರೆ ಒಂದು ಮದನಿಕೆಯ ಮುಂದೆಯೇ ಅರ್ಧ ಗಂಟೆ ನಿಲ್ಲುವ ಜಾತಿ. ಆದಿಮಾನವರು ಬರೆದ ಗುಹಾಚಿತ್ರಗಳನ್ನು ನೋಡಬೇಕೆಂದು ಅವರಿಗೆ ಬಹಳ ಆಸೆ, ಆದರೆ ಲಾಸ್ಕೋದಲ್ಲಿ ಈಗ ತೋರಿಸುವುದು ಪ್ರತಿಕೃತಿ ಎಂದು ತಿಳಿದಾಗಿನಿಂದ ಸಪ್ಪೆಯಾಗಿದ್ದಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವಾರಾಂತ್ಯಗಳಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವ ಯೋಚನೆಯಿದೆ, ನಡುವಿನ ದಿನಗಳಲ್ಲಿ ರೈಲೇ ಗತಿ. ಕಚೇರಿಯಲ್ಲಿ ಯಾರನ್ನು ಕೇಳಿದರೂ ಕಾರ್ಕಸೋನ್ ಕೋಟೆಯ ಹೆಸರನ್ನೇ ಹೇಳುತ್ತಾರೆ. ಅದು ನಿಜಕ್ಕೂ ಒಂದು ಇಡೀ ದಿನಕ್ಕೆ ತಕ್ಕ ಜಾಗವೇ?

ಗರೋನ್ ದಡದವ

ತಮ್ಮ ತಂದೆಯವರು ಸಕಲೇಶಪುರದವರೆಂದು ಓದಿದ ಕೂಡಲೇ ನನಗೆ ಹೊಳೆದ ಮೊದಲ ಹೆಸರು ನೊರೂಜ್. ಬಿಸಿಲೆಯ ದಾರಿಯಲ್ಲಿ, ಬಿದ್ದ ಮಳೆ ಒಂದು ಕಡೆ ಬಂಗಾಳಕೊಲ್ಲಿಗೂ ಇನ್ನೊಂದು ಕಡೆ ಅರಬ್ಬೀ ಸಮುದ್ರಕ್ಕೂ ಹಂಚಿಹೋಗುವ ಏಣನ್ನು ಅವರು ನೋಡಿಯೇ ಇರುತ್ತಾರೆ. ತುಲೂಸ್‌ನಿಂದ ಆಗ್ನೇಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ನೊರೂಜ್ ಅಂಥದೇ ಒಂದು ಜಲವಿಭಜಕ; ಇಲ್ಲಿಂದ ನೀರು ಪಶ್ಚಿಮಕ್ಕೆ ಹರಿದರೆ ಅಟ್ಲಾಂಟಿಕ್, ಪೂರ್ವಕ್ಕೆ ಹರಿದರೆ ಮೆಡಿಟರೇನಿಯನ್. ವ್ಯತ್ಯಾಸವೆಂದರೆ ಇಲ್ಲಿ ಘಟ್ಟವೂ ಇಲ್ಲ, ಪ್ರಪಾತವೂ ಇಲ್ಲ. ಸಮುದ್ರಮಟ್ಟದಿಂದ ಇನ್ನೂರು ಮೀಟರ್ ಎತ್ತರವನ್ನೂ ಮುಟ್ಟದ ಒಂದು ತಗ್ಗಾದ ದಿಬ್ಬವಷ್ಟೆ.

ಎರಡು ಸಮುದ್ರಗಳನ್ನು ಕಾಲುವೆಯಿಂದ ಜೋಡಿಸಬೇಕೆಂಬ ಯೋಚನೆ ಹಳೆಯದೇ ಆಗಿತ್ತಾದರೂ, ದಿಬ್ಬದ ತುದಿಗೆ ನೀರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ. ಉತ್ತರ ಕಂಡುಕೊಂಡವನು ಉಪ್ಪಿನ ಸುಂಕ ವಸೂಲಿಯ ಗುತ್ತಿಗೆದಾರನಾಗಿದ್ದ ಪಿಯೇರ್ ಪೋಲ್ ರಿಕೆ. ಉತ್ತರದ ಕಪ್ಪುಬೆಟ್ಟದ ಸಾಲಿನ ತೊರೆಗಳನ್ನೆಲ್ಲ ತಿರುಗಿಸಿ, ಸೇಂ ಫೆರ್ರೆಯೋಲ್ ಎಂಬಲ್ಲಿ ಅಣೆಕಟ್ಟೆ ಕಟ್ಟಿ, ಅಲ್ಲಿಂದ ಕಿರುಗಾಲುವೆಯಲ್ಲಿ ನೊರೂಜ್‌ಗೆ ನೀರು ತಂದ. 1667ರಲ್ಲಿ ಕೆಲಸ ಆರಂಭವಾಯಿತು. 1680ರ ಅಕ್ಟೋಬರ್‌ನಲ್ಲಿ ರಿಕೆ ತೀರಿಕೊಂಡ. 1681ರ ಮೇ ತಿಂಗಳಲ್ಲಿ ಕಾಲುವೆ ತೆರೆಯಿತು. ತುಲೂಸ್‌ನಿಂದ ಕರಾವಳಿಯ ತೋ ಹಿನ್ನೀರಿನವರೆಗಿನ 240 ಕಿಲೋಮೀಟರ್‌ ಉದ್ದದ ಈ ಕನಾಲ್ ದು ಮಿದಿ 1996ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಅಮ್ಮನವರಿಗೂ ಇದು ಹಿತವಾದ ಜಾಗ, ಏಕೆಂದರೆ ಕಾಲುವೆಯ ಏರಿ ಉದ್ದಕ್ಕೂ ಸಮತಟ್ಟಾಗಿದೆ. ದಂಡೆಯ ಪ್ಲೇನ್ ಮರಗಳ ಸಾಲು ಕೆಲವೆಡೆ ಬೋಳಾಗಿರುವುದನ್ನು ಕಂಡು ಬೇಸರಪಡಬೇಡಿ. 2006ರಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದಾಗಿ ಸಾವಿರಾರು ಮರಗಳನ್ನು ಕಡಿದು ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಹೊರಡುವುದು ಶನಿವಾರವಾದರೆ ಮೊದಲು ರೆವೆಲ್ ಎಂಬ ಸಣ್ಣ ಊರಿನ ಸಂತೆಗೆ ಹೋಗಿ. ಹದಿನಾಲ್ಕನೆಯ ಶತಮಾನದ ಮರದ ಕಂಬಗಳ ಸಂತೆಕಟ್ಟೆಯ ನೆರಳಿನಲ್ಲಿ ಇಂದಿಗೂ ರೈತರು ಹಣ್ಣು, ತರಕಾರಿ, ಮೇಕೆಹಾಲಿನ ಚೀಸ್ ಮಾರುತ್ತಾರೆ. ಅಲ್ಲಿಂದ ಸೇಂ ಫೆರ್ರೆಯೋಲ್ ಹತ್ತೇ ನಿಮಿಷ. ಮಧ್ಯಾಹ್ನ ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ, ಸಂಜೆಯ ಹೊತ್ತಿಗೆ ನೊರೂಜ್ ನೋಡಿಕೊಂಡು ಮನೆ ಸೇರಬಹುದು.

ನಿಧಾನಿ

ಕಾರ್ಕಸೋನ್ ಕುರಿತು ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇಡೀ ದಿನ ಬೇಡ. ಮಧ್ಯಾಹ್ನ ಮೂರರ ಮೇಲೆ ತಲುಪಿ ದೀಪ ಹಚ್ಚುವ ಹೊತ್ತಿನವರೆಗೆ ಇದ್ದರೆ ಸಾಕು. ಎರಡು ಸುತ್ತಿನ ಗೋಡೆ, 52 ಬುರುಜುಗಳು, ಎರಡೂ ಗೋಡೆಗಳ ನಡುವಿನ ಅಗಲವಾದ ಓಣಿ, ಇವು ಉಚಿತವಾಗಿಯೇ ಕಾಣಸಿಗುತ್ತವೆ. ಒಳಗಿನ ಕೌಂಟನ ಕೋಟೆಮನೆಗೆ ಮಾತ್ರ ಟಿಕೆಟ್ಟು. ಒಳಬೀದಿಗಳಲ್ಲಿ ಪ್ಲಾಸ್ಟಿಕ್ ಕತ್ತಿ ಗುರಾಣಿ ಮಾರುವ ಅಂಗಡಿಗಳೇ ಹೆಚ್ಚು. ತಂದೆಯವರು ಇತಿಹಾಸದ ಮೇಷ್ಟರಾದ್ದರಿಂದ ಒಂದು ವಿಷಯ ಮೊದಲೇ ಹೇಳಿಡಿ: ಪಾಳುಬಿದ್ದಿದ್ದ ಆ ಕೋಟೆಯನ್ನು ವಾಸ್ತುಶಿಲ್ಪಿ ವಿಯೋಲೆ ಲ ದ್ಯುಕ್ 1853ರಿಂದ ದುರಸ್ತಿ ಮಾಡತೊಡಗಿದ. ಬುರುಜುಗಳಿಗೆ ಅವನು ಹೊದಿಸಿದ ಚೂಪಾದ ಕಡಪ ಕಲ್ಲಿನಂಥ ಹಾಸುಬಿಲ್ಲೆಯ ಮಾಡುಗಳು ಈ ಸೀಮೆಯವಲ್ಲ, ಉತ್ತರದ ಶೈಲಿಯವು ಎಂಬ ತಕರಾರು ಇನ್ನೂ ನಿಂತಿಲ್ಲ.

ಒಂದು ಮದನಿಕೆಯ ಮುಂದೆ ಅರ್ಧ ಗಂಟೆ ನಿಲ್ಲುವವರಿಗೆ ನಾನು ಹೇಳುವ ಊರು ಮ್ವಾಸಾಕ್. ಕಾರು ಬೇಡ, ಮೋಂತೋಬಾನ್ ಮಾರ್ಗವಾಗಿ ರೈಲಿನಲ್ಲಿ ಸುಮಾರು ಒಂದು ಗಂಟೆ, ನಿಲ್ದಾಣದಿಂದ ಮಠಕ್ಕೆ ಸ್ವಲ್ಪವೇ ನಡಿಗೆ. ಸಂತ ಪೀಟರನ ಹೆಸರಿನ ಆ ಮಠದ ಒಳಾಂಗಣದ ಸುತ್ತುಜಗಲಿಯನ್ನು 1100ರಲ್ಲಿ ಕಟ್ಟಿದರೆಂದು ಅಲ್ಲಿಯ ಶಿಲಾಶಾಸನವೇ ಹೇಳುತ್ತದೆ, ಎಂದರೆ ಬೇಲೂರಿನ ಚೆನ್ನಕೇಶವನ ಗುಡಿಗಿಂತ ಹದಿನೇಳು ವರ್ಷ ಮೊದಲು. ಒಂಟಿ ಕಂಬ, ಜೋಡಿ ಕಂಬ, ಮತ್ತೆ ಒಂಟಿ ಕಂಬ, ಹೀಗೆ ಸಾಗುವ ಜಗಲಿಯಲ್ಲಿ 76 ಬೋದಿಗೆಗಳಿವೆ. ಒಂದರಲ್ಲಿ ಸಿಂಹಗಳ ನಡುವೆ ಕುಳಿತ ದಾನಿಯೇಲ, ಇನ್ನೊಂದರಲ್ಲಿ ಬರಿಯ ಬಳ್ಳಿ, ಮತ್ತೊಂದರಲ್ಲಿ ಒಬ್ಬ ಸಂತನ ವಧೆ. ಕೆಲವು ಮುಖಗಳನ್ನು ಒಡೆದುಹಾಕಿದ್ದಾರೆ, ಆದರೂ ಬಟ್ಟೆಯ ನಿರಿಗೆ ಉಳಿದಿದೆ. ನಡು ಅಂಗಳದಲ್ಲಿ ಒಂದು ದೊಡ್ಡ ದೇವದಾರು.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಹೊರಗಿನ ದಕ್ಷಿಣದ ಬಾಗಿಲಿನ ಮುಂದೆ. ಮೇಲಿನ ಅರ್ಧವೃತ್ತದ ಕಲ್ಲಿನಲ್ಲಿ ಸಿಂಹಾಸನದ ಮೇಲೆ ಕ್ರಿಸ್ತ, ಸುತ್ತ ಕಿರೀಟ ತೊಟ್ಟ 24 ಮುದುಕರು. ಪ್ರತಿಯೊಬ್ಬರ ಕೈಯಲ್ಲೂ ತಂತಿವಾದ್ಯ ಅಥವಾ ಬಟ್ಟಲು. ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಕತ್ತು ತಿರುಗಿಸಿ ಮೇಲೆ ನೋಡುತ್ತಿದ್ದಾರೆ, ಒಬ್ಬರಂತೆ ಇನ್ನೊಬ್ಬರು ಕುಳಿತಿಲ್ಲ. ಬಾಗಿಲ ನಡುಗಂಬದ ಮುಂಭಾಗದಲ್ಲಿ ಒಂದಕ್ಕೊಂದು ಅಡ್ಡಲಾಗಿ ಹಾಯ್ದ ಸಿಂಹಗಳಿವೆ. ಅವನ್ನು ನೋಡಿ ಮುಂದೆ ಹೋಗಿಬಿಡುವವರಿಗೆ ಅದೇ ಕಂಬದ ಪಕ್ಕದಲ್ಲಿ ಕಾಲು ಹೊಸೆದು ನಿಂತ ಯೆರೆಮೀಯ ಪ್ರವಾದಿ ಕಾಣುವುದೇ ಇಲ್ಲ. ತಂದೆಯವರನ್ನು ಆ ಪಕ್ಕಕ್ಕೇ ಕರೆದೊಯ್ಯಿರಿ. 1850ರ ದಶಕದಲ್ಲಿ ಬೋರ್ದೋ ರೈಲುಹಳಿ ಹಾಕುವಾಗ ಈ ಮಠದ ಊಟದ ಮನೆಯನ್ನು ಕೆಡವಿದರು. ಜಗಲಿ ಸ್ವಲ್ಪದರಲ್ಲಿ ಉಳಿದುಕೊಂಡಿತು. ನೀವು ಬರುವ ರೈಲು ಆ ಹಳಿಯ ಮೇಲೆಯೇ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಶಾಸ್ಲಾ ಎಂಬ ಹೊಂಬಣ್ಣದ ದ್ರಾಕ್ಷಿ ಸಿಗುತ್ತದೆ. ಒಂದು ಗೊಂಚಲು ಕೊಂಡು ತಾರ್ನ್ ನದಿಯ ದಡದಲ್ಲಿ ಕುಳಿತು ತಿನ್ನಿ.

ಕಾಫಿತೋಟದವಳು

ಇಬ್ಬರಿಗೂ ಕೃತಜ್ಞತೆಗಳು. ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದಾಗ ಅಪ್ಪ ಯೆರೆಮೀಯನ ಹೆಸರನ್ನು ಬರೆದಿಟ್ಟುಕೊಂಡರು. ಗುಹಾಚಿತ್ರಗಳ ವಿಷಯದಲ್ಲಿ ಯಾರಾದರೂ ದಾರಿ ತೋರಿಸಬಲ್ಲಿರಾ?

ಕಲ್ಲುಹಾದಿ

ಮೂಲ ಚಿತ್ರಗಳೇ ಬೇಕೆಂದರೆ ದಕ್ಷಿಣಕ್ಕೆ, ಪಿರೆನೀಸ್ ಬೆಟ್ಟಗಳ ಕಡೆಗೆ ಬನ್ನಿ. ತುಲೂಸ್‌ನಿಂದ ಸುಮಾರು ಒಂದೂವರೆ ಗಂಟೆಯ ದಾರಿಯಲ್ಲಿ ಆರಿಯೇಜ್ ಜಿಲ್ಲೆಯ ನಿಯೋ ಗುಹೆಯಿದೆ. ಒಳಗೆ ದೀಪಗಳಿಲ್ಲ, ಕೈಯಲ್ಲಿ ಟಾರ್ಚು ಹಿಡಿದು ಮಾರ್ಗದರ್ಶಕರ ಹಿಂದೆ ಸುಮಾರು 800 ಮೀಟರ್ ಕತ್ತಲಲ್ಲಿ ನಡೆಯಬೇಕು. ಕೊನೆಗೆ ಎತ್ತರದ ಚಾವಣಿಯ ಒಂದು ವಿಶಾಲ ಪಡಸಾಲೆ ಸಿಗುತ್ತದೆ. ಕಪ್ಪು ಪಡಸಾಲೆ ಎಂದು ಅದರ ಹೆಸರು. ಅಲ್ಲಿ ಎಲ್ಲರೂ ಟಾರ್ಚು ಆರಿಸಿ, ಮಾರ್ಗದರ್ಶಕರು ತಮ್ಮ ಒಂದೇ ದೀಪವನ್ನು ಗೋಡೆಯ ಕಡೆಗೆ ತಿರುಗಿಸಿದಾಗ ಕಾಡೆಮ್ಮೆ, ಕುದುರೆ, ಬೆಟ್ಟದ ಮೇಕೆಗಳು ಎದ್ದು ಬರುತ್ತವೆ. ಹದಿಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಗೆರೆಗಳಲ್ಲಿ ಮೇಕೆಯ ಗಡ್ಡದ ಕೂದಲನ್ನು ಬಿಡಿಬಿಡಿಯಾಗಿ ಎಣಿಸಬಹುದು. ಮಹಾಶಯನೊಬ್ಬ 1660ರಲ್ಲೇ ಇಲ್ಲಿಗೆ ಬಂದು ಗೋಡೆಯ ಮೇಲೆ ತನ್ನ ಹೆಸರು, ಇಸವಿ ಗೀಚಿ ಹೋಗಿದ್ದಾನೆ; ಚಿತ್ರಗಳ ಬೆಲೆ ಲೋಕಕ್ಕೆ ತಿಳಿದದ್ದು 1906ರಲ್ಲಿ. ಕೋಟೆ ಕೊತ್ತಲಗಳ ಮೇಲೆ ಹೆಸರು ಕೆತ್ತುವ ನಮ್ಮವರಿಗೆ ಅಲ್ಲೊಬ್ಬ ಪೂರ್ವಜ ಸಿಕ್ಕಂತಾಯಿತು.

ಸ್ಪಷ್ಟವಾಗಿ ಹೇಳಬೇಕೆಂದರೆ ಅಮ್ಮನವರನ್ನು ಒಳಗೆ ಕರೆದೊಯ್ಯಬೇಡಿ. ನೆಲ ಒದ್ದೆ, ಏರುತಗ್ಗು ಬಹಳ, ಜಾರುತ್ತದೆ. ನಡುವೆ ಹಿಂತಿರುಗುತ್ತೇನೆಂದರೆ ಆಗುವುದಿಲ್ಲ. ಗುಹೆಯ ಬಾಯಿ ಬಹಳ ದೊಡ್ಡದು, ಅದರಿಂದ ಹೊರಚಾಚಿದ ತುಕ್ಕುಬಣ್ಣದ ಉಕ್ಕಿನ ಕಟ್ಟಡದ ಬಳಿ ನಿಂತರೆ ಇಡೀ ಕಣಿವೆ ಕಾಣುತ್ತದೆ. ಅಲ್ಲೊಂದು ಮಡಿಸುವ ಕುರ್ಚಿ ಹಾಕಿಕೊಟ್ಟು, ತಂದೆ ಮಗಳು ಹೋಗಿಬನ್ನಿ. ಮುಂಗಡ ಬುಕಿಂಗ್ ಇಲ್ಲದೆ ಹೋಗಬೇಡಿ. ಬೇಸಿಗೆಯಲ್ಲೂ ಒಳಗೆ ಹನ್ನೆರಡು ಡಿಗ್ರಿಯಷ್ಟೇ ಇರುವುದರಿಂದ ಸ್ವೆಟರ್ ಇರಲಿ.

ಅಮ್ಮನವರಿಗೆ ಬೇರೊಂದು ಗುಹೆಯಿದೆ, ಮಾಸ್ ದಾಜಿಲ್. ಅದರ ವಿಶೇಷವೆಂದರೆ ಡಾಂಬರು ರಸ್ತೆಯೇ ಗುಹೆಯ ಒಳಗಿಂದ ಹಾದುಹೋಗುತ್ತದೆ. ಪಕ್ಕದಲ್ಲಿ ಆರೀಜ್ ಹೊಳೆ, ಮೇಲೆ ಕಮಾನಿನಂಥ ಬಂಡೆ. ಕಾರಿನಿಂದ ಇಳಿಯದೆಯೇ ಒಂದು ಬೆಟ್ಟದ ಹೊಟ್ಟೆ ಹೊಕ್ಕು ಆಚೆ ಬರಬಹುದು.

ಇನ್ನೊಂದು ದಿನಕ್ಕೆ, ಬೆಲೆಸ್ತಾ ಎಂಬ ಊರಿನ ಹತ್ತಿರದ ಫೋಂತೆಸ್ತೋರ್ಬ್ ಚಿಲುಮೆ. ಮಳೆ, ಹಿಮನೀರು ಹೆಚ್ಚಿರುವಾಗ ಇದು ಎಲ್ಲ ಊಟೆಗಳಂತೆ ಒಂದೇ ಸಮನೆ ಹರಿಯುತ್ತದೆ. ನೀರು ಇಳಿದ ಕಾಲದಲ್ಲಿ ಮಾತ್ರ, ಸರಿಸುಮಾರು ಗಂಟೆಗೊಂದು ಆವರ್ತದಂತೆ, ಉಕ್ಕುತ್ತದೆ, ಬತ್ತುತ್ತದೆ, ಮತ್ತೆ ಉಕ್ಕುತ್ತದೆ. ಬೆಟ್ಟದೊಳಗಿನ ಪೊಳ್ಳುಗಳಲ್ಲಿ ನೀರು ಒಂದು ಮಟ್ಟ ಮುಟ್ಟಿದೊಡನೆ ಬಾಗಿದ ಕೊಳವೆಯಂಥ ದಾರಿಯಿಂದ ಒಮ್ಮೆಗೇ ಹೊರಬೀಳುವುದರಿಂದ ಹೀಗಾಗುತ್ತದೆ ಎನ್ನುತ್ತಾರೆ. ನೀವು ಬರುವ ಸೆಪ್ಟೆಂಬರ್ ಇದಕ್ಕೆ ಹೇಳಿಮಾಡಿಸಿದ ತಿಂಗಳು.

ಹತ್ತಿರದಲ್ಲೇ ಮೋಂಸೆಗ್ಯೂರ್ ಇದೆ. ರೋಮಿನ ಚರ್ಚು ಪಾಷಂಡಿಗಳೆಂದು ಕರೆದ ಕ್ಯಾಥರ್ ಪಂಥದವರು ತಿಂಗಳುಗಟ್ಟಲೆ ಮುತ್ತಿಗೆ ತಾಳಿಕೊಂಡು, ಕೊನೆಗೆ ಶರಣಾದಾಗ ಮತ ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು 1244ರ ಮಾರ್ಚ್ 16ರಂದು ಸುಟ್ಟ ಜಾಗ. ಶಿಖರದ ಎತ್ತರ 1,207 ಮೀಟರ್, ಹಾದಿ ಕಡಿದು. ಮೇಲಿನ ಪಾಳುಗೋಡೆಗಳು ಆ ಘಟನೆಯ ನಂತರ ಕಟ್ಟಿದವು. ಆದ್ದರಿಂದ ಹತ್ತಲಾಗಲಿಲ್ಲವೆಂದು ಅಮ್ಮನವರು ಕೊರಗಬೇಕಾದ್ದಿಲ್ಲ, ಕೆಳಗಿನ ರಸ್ತೆಯಿಂದ ಬಂಡೆ ಕಂಡರೆ ಸಾಕು.

ಬುತ್ತಿಗಂಟು

ಊಟದ ವಿಷಯ ಯಾರೂ ಎತ್ತಿಲ್ಲ. ಹಳ್ಳಿಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಎಷ್ಟು ಬೇಡಿಕೊಂಡರೂ ಇಲ್ಲ. ಸೋಮವಾರ ಹಲವು ಹೋಟೆಲುಗಳಿಗೆ ರಜೆ. ಈ ಸೀಮೆಯಲ್ಲಿ ಆಲೂಗೆಡ್ಡೆಯನ್ನೂ ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುವುದುಂಟು. ಮೇಕೆ ಚೀಸಿನ ಸಲಾಡಿನ ಮೇಲೆ ಹಂದಿಮಾಂಸದ ಚೂರುಗಳನ್ನು ಉದುರಿಸಿ ತಂದುಕೊಡುವುದೂ ಉಂಟು. ಸಸ್ಯಾಹಾರಿ ಎಂದು ಹೇಳಿ ಸುಮ್ಮನಾಗದೆ, ಮಾಂಸ ಬೇಡ, ಮೀನು ಬೇಡ, ಜಾಂಬೋಂ (ಹಂದಿಯ ತೊಡೆಮಾಂಸ) ಬೇಡ, ಲಾರ್ದೋಂ (ಹಂದಿಮಾಂಸದ ಚೂರು) ಬೇಡ, ಮೊಟ್ಟೆ ಬೇಡ ಎಂದು ಒಂದೊಂದನ್ನೂ ಹೆಸರಿಸಿ. ನನ್ನ ಅತ್ತೆಯವರು ಬಂದಿದ್ದಾಗ ನಾವು ಈ ಗೋಜಿಗೇ ಹೋಗಲಿಲ್ಲ; ಬೆಳಿಗ್ಗೆ ಕಲಸಿಟ್ಟ ಪುಳಿಯೋಗರೆ, ಚಪಾತಿ, ಒಂದು ಫ್ಲಾಸ್ಕ್ ಕಾಫಿ, ಅಷ್ಟೆ. ಇಲ್ಲಿಯವರೂ ದಾರಿಬದಿಯ ಮೇಜಿನಲ್ಲಿ ಬುತ್ತಿ ಬಿಚ್ಚುವವರೇ ಆದ್ದರಿಂದ ಯಾರೂ ತಿರುಗಿ ನೋಡುವುದಿಲ್ಲ.

ಇನ್ನೊಂದು ಮಾತು: ಸೆಪ್ಟೆಂಬರಿನ ಮೂರನೆಯ ವಾರಾಂತ್ಯ ಪರಂಪರೆಯ ದಿನಗಳೆಂದು ಆಚರಿಸುತ್ತಾರೆ. ಫ್ರಾನ್ಸಿನಲ್ಲಿ 1984ರಿಂದ ನಡೆದುಬಂದಿರುವ ಆ ಎರಡು ದಿನ, ಬೇರೆ ಹೊತ್ತಿನಲ್ಲಿ ಬೀಗ ಹಾಕಿರುವ ಎಷ್ಟೋ ಕಟ್ಟಡಗಳು ತೆರೆದಿರುತ್ತವೆ.

ಕಾಫಿತೋಟದವಳು

ಅಪ್ಪ ಅಮ್ಮ ಬಂದು ಎರಡು ವಾರವಾಯಿತು. ಇಲ್ಲಿ ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ನೊರೂಜ್‌ನಲ್ಲಿ ಅಪ್ಪ ಕಾಲುವೆಯ ಎರಡೂ ಕಡೆಗೆ ಒಂದೊಂದು ಒಣ ಎಲೆ ಬಿಟ್ಟರು. ನೀರು ಅಷ್ಟು ನಿಧಾನವಾಗಿತ್ತೆಂದರೆ ನಾವು ಹೊರಡುವವರೆಗೂ ಎರಡೂ ಎಲೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇದ್ದವು. ನಿಯೋ ಗುಹೆಯಿಂದ ಹೊರಬಂದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾರು ಹತ್ತಿದ ಮೇಲೆ, ಆ ಮೇಕೆಗೆ ಗಡ್ಡ ಬರೆದವನು ಮೇಕೆ ಸಾಕಿದವನಲ್ಲ, ಬೇಟೆಯಾಡಿದವನು, ಆದರೂ ಹೇಗೆ ನೋಡಿದ್ದಾನೆ ನೋಡು ಎಂದರು.

ಅಮ್ಮನಿಗೆ ಹಿಡಿಸಿದ್ದು ಫೋಂತೆಸ್ತೋರ್ಬ್. ನಾವು ಹೋದಾಗ ಚಿಲುಮೆ ಇಳಿಯುತ್ತಿತ್ತು; ಕಲ್ಲುಗಳು ಒಂದೊಂದಾಗಿ ತಲೆಯೆತ್ತಿ, ಕೊನೆಗೆ ತಗ್ಗಿನಲ್ಲಿ ಸ್ವಲ್ಪವೇ ನೀರು ನಿಂತಿತು. ಅಮ್ಮ ಒಲೆಯ ಮೇಲೆ ಹಾಲಿಟ್ಟವರಂತೆ ಅಲ್ಲಿಯೇ ಕುಳಿತರು, ನಾನು ಕಾಫಿ ಬಗ್ಗಿಸಿಕೊಟ್ಟರೂ ತಿರುಗಲಿಲ್ಲ. ಮೊದಲು ಬಂದದ್ದು ಸದ್ದು, ಬಂಡೆಯ ಒಳಗೆಲ್ಲೋ ಗೊಳಗೊಳ ಎಂದು, ಆಮೇಲೆ ನೀರು. ಪೂರ್ತಿ ಉಕ್ಕಿದ ಮೇಲೆ, ಇನ್ನೊಂದು ಸಲ ನೋಡಿಕೊಂಡೇ ಹೋಗೋಣ ಎಂದರು. ಹಾಗಾಗಿ ಮೋಂಸೆಗ್ಯೂರ್ ಬಂಡೆಯನ್ನು ಮಬ್ಬುಗತ್ತಲಲ್ಲಿ ನೋಡಬೇಕಾಯಿತು.

ಮ್ವಾಸಾಕ್‌ಗೆ ಕಳೆದ ಮಂಗಳವಾರ ಹೋಗಿದ್ದೆವು. ಅಪ್ಪನಿಗೆ ಜಗಲಿಯ ಎರಡು ಬದಿ ಮುಗಿಯುವಷ್ಟರಲ್ಲಿ ರೈಲಿನ ಹೊತ್ತಾಯಿತು. ಉಳಿದ ಎರಡು ಬದಿಗಾಗಿ ನಾಳಿದ್ದಿಗೆ ಮತ್ತೆ ಟಿಕೆಟ್ ತೆಗೆದಿದ್ದೇನೆ. ಕಾರ್ಕಸೋನ್ ಈ ಸಲಕ್ಕೆ ಬಿಟ್ಟುಹೋಯಿತು.