ಸಭೆ ಕರೆದರೆ ನಾಲ್ಕು ಜನರದ್ದೇ ಮಾತು, ಉಳಿದವರನ್ನು ಮಾತಾಡಿಸುವುದು ಹೇಗೆ?

ಹೊಸಚಿಗುರು:
ನಮಸ್ಕಾರ. ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ ಒಂದು ಭಾಗವನ್ನು ಪಾರ್ಕಿಂಗ್‌ಗೆ ಬಿಡಬೇಕೋ ಬೇಡವೋ ಅಂತ ಜಗಳ ಎದ್ದಿದೆ. ನಿವಾಸಿಗಳ ಸಂಘ ಒಂದು ಸಭೆ ಕರೆದಿತ್ತು. ಪದಾಧಿಕಾರಿಗಳು ವೇದಿಕೆ ಮೇಲೆ, ನಾವೆಲ್ಲ ಕೆಳಗೆ ಸಾಲಾಗಿ. ಇದ್ದದ್ದು ಒಂದೇ ಮೈಕ್, ಸಿಕ್ಕವರು ಬಿಡಲಿಲ್ಲ. ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬಾಡಿಗೆ ಮನೆಯವರು ಬರಲೇ ಇಲ್ಲ. ಕೊನೆಗೆ ಕೈ ಎತ್ತಿಸಿ ಎಣಿಸಲು ಹೋದಾಗ ಗಲಾಟೆಯೇ ಆಯಿತು. ಈಗ ಇನ್ನೊಂದು ಸಭೆ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ನನಗೆ ಇದು ನಿಜವಾಗಿಯೂ ಸರಿಯಾಗಿ ಆಗಬೇಕು. ದಿನಾ ಎದುರು ಸಿಗುವ ಜನ, ಮುಖ ತಿರುಗಿಸಿಕೊಂಡು ಓಡಾಡುವುದು ಬೇಡ. ಅನುಭವ ಇರುವವರು ದಾರಿ ಹೇಳಿ.

ನೇರಮಾತು:
ಸಭೆ ಯಾಕೆ? ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕಿ. ಜಾಸ್ತಿ ವೋಟ್ ಬಂದದ್ದು ಗೆದ್ದಿತು. ಎರಡು ದಿನದ ಕೆಲಸ.

ದುಂಡುಮೇಜು:
ಇಂಥ ಸಭೆಗಳನ್ನು ನಡೆಸಿಕೊಡುವುದೇ ಹಲವು ವರ್ಷಗಳಿಂದ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಎಲ್ಲಕ್ಕಿಂತ ಮೊದಲು ಸಂಘದವರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ಸಭೆಯಲ್ಲಿ ಜನ ಹೇಳಿದ್ದನ್ನು ನೀವು ಏನು ಮಾಡುತ್ತೀರಿ? ಒಪ್ಪುತ್ತೀರಾ, ಪರಿಶೀಲಿಸುತ್ತೀರಾ, ಸುಮ್ನೆ ಕೇಳಿಸಿಕೊಳ್ಳುತ್ತೀರಾ? ಉತ್ತರ ಯಾವುದೇ ಇರಲಿ, ಅದನ್ನು ಬರೆಸಿಕೊಂಡು ಸಭೆಯ ನೋಟಿಸ್‌ನಲ್ಲೇ ಹಾಕಿ. ತೀರ್ಮಾನ ಈಗಾಗಲೇ ಆಗಿಹೋಗಿದ್ದರೆ ಸಭೆ ಕರೆಯಬೇಡಿ. ಒಮ್ಮೆ ಹಾಗೆ ಕರೆಸಿಕೊಂಡು ಬಂದವರು ಇನ್ನೊಮ್ಮೆ ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ದೊಡ್ಡ ಮಟ್ಟದಲ್ಲೂ ಎಡವುವುದು ಇಲ್ಲೇ. 2019ರಲ್ಲಿ ಫ್ರಾನ್ಸ್ ಸರ್ಕಾರ ಹವಾಮಾನದ ಬಗ್ಗೆ ಚರ್ಚಿಸಲು 150 ಜನಸಾಮಾನ್ಯರನ್ನು ಲಾಟರಿ ಎತ್ತಿ ಸೇರಿಸಿತು. ನೀವು ಹೇಳಿದ್ದನ್ನು ಸೋಸದೆ ಹಾಗೇ ಮುಂದಕ್ಕೆ ಕಳಿಸುತ್ತೇನೆ ಎಂದು ಅಧ್ಯಕ್ಷ ಮ್ಯಾಕ್ರಾನ್ ಮಾತು ಕೊಟ್ಟರು. ಆ ಜನ ತಿಂಗಳುಗಟ್ಟಲೆ ಕೂತು 149 ಸಲಹೆ ಕೊಟ್ಟರು. ಮೂರು ಬಿಟ್ಟು ಮಿಕ್ಕವನ್ನು ಒಪ್ಪಿದ್ದೇನೆ ಎಂದರು ಮ್ಯಾಕ್ರಾನ್. ಆದರೆ ಕಾನೂನಿನ ಕರಡು ಬಂದಾಗ ಹಲವು ಸಲಹೆಗಳು ತೆಳುವಾಗಿದ್ದವು. 2021ರಲ್ಲಿ ಅದೇ ಜನ ಮತ್ತೆ ಸೇರಿ ಸರ್ಕಾರಕ್ಕೆ ಅಂಕ ಕೊಟ್ಟರು, ತೀರಾ ಕಡಿಮೆ ಅಂಕ. ಅಷ್ಟು ಚೆನ್ನಾಗಿ ನಡೆದ ಮಾತುಕತೆಗೆ ಆಡಿದ ಮಾತೇ ಮುಳುವಾಯಿತು. ಹಾಗಾಗಿ ಸಂಘಕ್ಕೆ ಉಳಿಸಿಕೊಳ್ಳಲು ಆಗುವಷ್ಟೇ ಮಾತು ಕೊಡಲು ಹೇಳಿ.

ಇನ್ನು ಯಾರು ಬರುತ್ತಾರೆ ಅನ್ನುವುದು. ಎಲ್ಲರೂ ಬನ್ನಿ ಅಂದರೆ ಯಾವಾಗಲೂ ಬರುವವರೇ ಬರುತ್ತಾರೆ. ಐರ್ಲೆಂಡ್ 2016ರಲ್ಲಿ ಗರ್ಭಪಾತದಂಥ ಕಷ್ಟದ ವಿಷಯವನ್ನು 99 ಪ್ರಜೆಗಳ ಮುಂದಿಟ್ಟಿತು. ವಯಸ್ಸು, ಲಿಂಗ, ಪ್ರದೇಶ, ಸಾಮಾಜಿಕ ವರ್ಗ ನೋಡಿ, ದೇಶದ ಜನಸಂಖ್ಯೆಗೆ ಹೊಂದುವಂತೆ ಆರಿಸಿದ್ದರು. ಆ ವಿಷಯಕ್ಕೇ ಐದು ವಾರಾಂತ್ಯ ಕೊಟ್ಟರು. ದುಂಡು ಮೇಜುಗಳು, ಪ್ರತಿ ಮೇಜಿಗೂ ಮಾತು ನಡೆಸುವವರೊಬ್ಬರು, ಬರೆದುಕೊಳ್ಳುವವರೊಬ್ಬರು. ಆಮೇಲೆ 2018ರ ಮೇ ತಿಂಗಳಲ್ಲಿ ಜನಮತ ನಡೆದಾಗ ಶೇ. 66.4ರಷ್ಟು ಜನ ಸಂವಿಧಾನದಲ್ಲಿ ಗರ್ಭಪಾತಕ್ಕಿದ್ದ ನಿಷೇಧವನ್ನು ತೆಗೆಯಲು ಒಪ್ಪಿದರು. ನಿಮ್ಮಲ್ಲೂ ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿ. ಸ್ವಂತ ಮನೆ, ಬಾಡಿಗೆ ಮನೆ ಬೇರೆ ಬೇರೆ ಡಬ್ಬಿ. ಒಂದು ಮನೆಯಿಂದ ಗಂಡಸು ಬಂದರೆ ಮುಂದಿನ ಮನೆಯಿಂದ ಹೆಂಗಸು. ಹದಿಹರೆಯದ ಮಕ್ಕಳನ್ನೂ ಸೇರಿಸಿ. ಮೈದಾನ ಬಳಸುವವರೇ ಅವರು, ಅಲ್ವಾ? ಚೀಟಿಯಲ್ಲಿ ಹೆಸರು ಬಂದವರ ಮನೆಗೆ ನೀವೇ ಹೋಗಿ ಕರೆಯಿರಿ. ಮೆಸೇಜ್ ಕಳಿಸಿದರೆ ಸಾಲದು. ಎಳೆ ಮಕ್ಕಳಿರುವ ತಾಯಂದಿರು ಬರಬೇಕು ಅಂದರೆ ಆ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದಲ್ಲೇ ಯಾರಾದರೂ ಇರಬೇಕು.

ವೇದಿಕೆ ತೆಗೆಯಿರಿ. ಮೈಕ್ ಕೂಡ ಬೇಡ. ಆರೇಳು ಜನ ಒಂದು ಮೇಜಿಗೆ, ಎರಡೂ ಪಕ್ಷದವರು ಬೆರೆತು ಕೂರಲಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಇಲ್ಲಿ ಕೇಳುವ ಪ್ರಶ್ನೆ ತುಂಬಾ ಮುಖ್ಯ. "ಪಾರ್ಕಿಂಗ್ ಬೇಕೋ ಬೇಡವೋ" ಅಂತ ಶುರು ಮಾಡಿದರೆ ಬಾಯಿ ತೆರೆದ ಕೂಡಲೇ ಜನ ಎರಡು ಪಾಳಯ ಆಗುತ್ತಾರೆ, ಆಮೇಲೆ ಜಾಗ ಬಿಟ್ಟು ಅಲುಗಾಡುವುದಿಲ್ಲ. "ಈ ಮೈದಾನ ನಿಮಗೆ ದಿನದಲ್ಲಿ ಯಾವಾಗ ಬೇಕಾಗುತ್ತದೆ? ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ?" ಅಂತ ಕೇಳಿ. ಎಲ್ಲರಿಗೂ ಉತ್ತರ ಗೊತ್ತಿರುವ ಪ್ರಶ್ನೆ ಅದು. ಮಾತಾಡಲು ಅಂಜುವವರೂ ಉತ್ತರ ಹೇಳುತ್ತಾರೆ. ಒಮ್ಮೆ ತಮ್ಮದೇ ದನಿ ಮೇಜಿನ ಮೇಲೆ ಕೇಳಿಸಿದರೆ ಎರಡನೇ ಸಲ ಅಷ್ಟು ಕಷ್ಟ ಆಗುವುದಿಲ್ಲ. ಬೇಕೋ ಬೇಡವೋ ಅನ್ನುವುದು ಕೊನೆಯ ಸುತ್ತಿಗೆ ಇರಲಿ. ಅಷ್ಟು ಹೊತ್ತಿಗೆ ಸಂಜೆ ಆಟ, ರಾತ್ರಿ ಗಾಡಿ ಅಂತ ಮೂರನೆಯ ದಾರಿ ಅವರೇ ಕಂಡುಕೊಂಡಿರಬಹುದು.

ನೇರಮಾತು ಅವರೇ, ಪೋಲ್ ಬಗ್ಗೆ: ಅದು ಜನ ಈಗ ಏನು ಅಂದುಕೊಂಡಿದ್ದಾರೆ ಅಂತ ಹೇಳುತ್ತದೆ. ಎದುರಿನವರ ಮಾತು ಕೇಳಿದ ಮೇಲೆ ಏನು ಅನ್ನುತ್ತಾರೆ ಅಂತ ಹೇಳುವುದಿಲ್ಲ. ಜೇಮ್ಸ್ ಫಿಶ್ಕಿನ್ ಎಂಬ ರಾಜ್ಯಶಾಸ್ತ್ರಜ್ಞ 1988ರಲ್ಲಿ ಈ ಕೊರತೆಗೇ ಒಂದು ವಿಧಾನ ಸೂಚಿಸಿದರು. ಮಾತುಕತೆಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ, ಅದೇ ಪ್ರಶ್ನೆಗಳನ್ನು ಕೇಳುವುದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿದ್ಯುತ್ ಕಂಪನಿಗಳು ಗ್ರಾಹಕರೊಂದಿಗೆ ಇದನ್ನು ಮಾಡಿದವು. ಗಾಳಿ, ಬಿಸಿಲಿನ ವಿದ್ಯುತ್ತಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಲು ತಯಾರಿರುವವರ ಸಂಖ್ಯೆ ಮಾತುಕತೆಯ ನಂತರ ಏರಿತು. ನಿಮ್ಮ ಪೋಲ್ ಇರಲಿ, ಆದರೆ ಎರಡು ಸಲ ಇರಲಿ.

ತಕರಾರು ಇದೆ:
ಚೀಟಿ ಎತ್ತುವುದು ನನಗೆ ಒಪ್ಪಿಗೆಯಿಲ್ಲ. ಈ ವಿಷಯಕ್ಕೆ ಓಡಾಡಿದವರನ್ನು ಹೊರಗಿಟ್ಟು, ಗೊತ್ತಿಲ್ಲದವರನ್ನು ಕೂರಿಸಿದರೆ ನಾಳೆ ಒಪ್ಪುವವರು ಯಾರು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ ಹೀಗೇ ಆರಿಸಿದ 160 ಜನ ಚುನಾವಣಾ ಪದ್ಧತಿ ಬದಲಿಸಲು ಹೇಳಿದರು. 2005ರ ಜನಮತದಲ್ಲಿ ಶೇ. 57.7 ಬಂತು. ಬೇಕಿದ್ದದ್ದು 60. ಕೊಠಡಿಯ ಹೊರಗಿದ್ದವರು ಕೈಜೋಡಿಸದಿದ್ದರೆ ಅಷ್ಟೇ.

ದುಂಡುಮೇಜು:
ನಿಮ್ಮ ಮಾತು ಸರಿ. ಅದಕ್ಕೇ ಓಡಾಡಿದವರಿಗೆ ಬೇರೆ ಕೆಲಸ ಕೊಡಬೇಕು. ಎರಡೂ ಕಡೆಯವರು ಸೇರಿ ಒಂದು ಪುಟದ ಮಾಹಿತಿ ತಯಾರಿಸಲಿ: ಎಷ್ಟು ಗಾಡಿ ಇವೆ, ಎಷ್ಟು ಜಾಗ ಬೇಕು, ಮಕ್ಕಳು ಯಾವ ಹೊತ್ತಿಗೆ ಆಡುತ್ತಾರೆ. ಇಬ್ಬರೂ ಒಪ್ಪಿದ ಅಂಕಿ ಮಾತ್ರ ಅದರಲ್ಲಿರಲಿ. ಸಭೆಯ ದಿನ ಅವರು ಮೇಜಿಂದ ಮೇಜಿಗೆ ಹೋಗಿ ಕೇಳಿದ ಪ್ರಶ್ನೆಗೆ ಉತ್ತರಿಸಲಿ. ಮೇಜುಗಳಲ್ಲಿ ಬರೆದುಕೊಂಡದ್ದನ್ನು ಅಲ್ಲೇ ಓದಿ ಹೇಳಿಸಿ, ತಪ್ಪಿದ್ದರೆ ತಿದ್ದಿಸಿ, ಅದೇ ವಾರ ಇಡೀ ಬಡಾವಣೆಗೆ ಹಂಚಿ. ಬಾರದವರು ಅದನ್ನು ಓದಿ ಅಭಿಪ್ರಾಯ ಹೇಳಲು ಸಮಯ ಕೊಡಿ.

ಹೊಸಚಿಗುರು:
ಎಲ್ಲರಿಗೂ ಧನ್ಯವಾದ. ಸಂಘದ ಕಾರ್ಯದರ್ಶಿಗಳ ಜೊತೆ ಮಾತಾಡಿದೆ. "ಜನ ಹೇಳಿದ್ದನ್ನು ಒಪ್ಪುತ್ತೇವೆ ಅಂತ ಬರೆದುಕೊಡಲು ಆಗಲ್ಲ, ಒಪ್ಪದಿದ್ದರೆ ಕಾರಣ ಬರೆದು ಕೊಡುತ್ತೇವೆ" ಅಂದರು. ಇಷ್ಟು ಸಾಕಾ?

ದುಂಡುಮೇಜು:
ಸಾಕು. ಅದೊಂದು ಒಳ್ಳೆಯ ಮಾತೇ. ಕಾರಣ ಕೊಡಲು ಒಂದು ಗಡುವು ಹಾಕಿಸಿಕೊಳ್ಳಿ, ಆಮೇಲೆ ಮನೆಗಳ ಪಟ್ಟಿ ಶುರು ಮಾಡಿ.