ನಲವತ್ತರ ಹತ್ತಿರ ಬಂದು ಚೆಸ್ ಸುಧಾರಿಸಿಕೊಂಡವರು ಇದ್ದೀರಾ?

ನನಗೆ 38. ಆನ್‌ಲೈನ್ ರ‍್ಯಾಪಿಡ್‌ನಲ್ಲಿ ನನ್ನ ರೇಟಿಂಗ್ ಎರಡು ವರ್ಷದಿಂದ 1100ರ ಆಸುಪಾಸಲ್ಲೇ ಇದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟೇ. ಓಪನಿಂಗ್ (ಆಟದ ಮೊದಲ ನಡೆಗಳು) ಕಲಿಸುವ ಕೋರ್ಸ್ ಕೊಳ್ಳಲೋ, ಕೋಚ್ ಹತ್ತಿರ ಹೋಗಲೋ?

— ಕೋರ್ಸ್ ಈಗಲೇ ಬೇಡ. ನಾನು ಆ ತಪ್ಪು ಮಾಡಿದವನು. ಒಂದು ವರ್ಷ ಕೂತು ಸಿಸಿಲಿಯನ್ ಅನ್ನುವ ಓಪನಿಂಗ್ ಬಾಯಿಪಾಠ ಮಾಡಿದೆ. ಎದುರಿಗಿದ್ದವರು ನಾಲ್ಕನೇ ನಡೆಗೇ ಕೋರ್ಸಿನಲ್ಲಿ ಇಲ್ಲದ್ದೇನೋ ಆಡುತ್ತಿದ್ದರು. ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು.

ಆಮೇಲೆ ಮಗಳು ಅರ್ಧ ಬರೆದು ಬಿಟ್ಟಿದ್ದ ನೋಟ್‌ಬುಕ್ಕಲ್ಲಿ ಸೋತ ಆಟಗಳನ್ನು ಬರೆಯತೊಡಗಿದೆ. ಆಟಕ್ಕೆ ಒಂದೇ ಸಾಲು: ಎಲ್ಲಿ ಕೆಟ್ಟಿತು. 20 ಆಟ ಆದ ಮೇಲೆ ಎಣಿಸಿದರೆ 13ರಲ್ಲಿ ಒಂದೇ ರೋಗ. ಕಾವಲಿಲ್ಲದ ಕುದುರೆಯನ್ನೋ ಒಂಟೆಯನ್ನೋ ಸುಮ್ನೆ ಕೊಟ್ಟಿದ್ದೆ. ಅದೂ ಬಹಳ ಸಲ ಗೆಲ್ಲುವ ಆಟದಲ್ಲಿ!

ಇನ್ನೊಂದು ರೋಗ ಕೆಲವೇ ಕಾಯಿ ಉಳಿದ ಕೊನೆಯ ಹಂತದ್ದು, ಎಂಡ್‌ಗೇಮ್‌ದು. ಒಂದು ಭಾನುವಾರದ ಟೂರ್ನಿಯಲ್ಲಿ ನನ್ನದು ರಾಜ ಮತ್ತು ಒಂದು ಕಾಲಾಳು, ಎದುರಿಗೆ ಬರೀ ರಾಜ. ಗೆದ್ದೇ ಬಿಟ್ಟೆ ಅಂತ ಕಾಲಾಳನ್ನು ಓಡಿಸಿದೆ. ನನ್ನ ರಾಜ ಹಿಂದೆ ಉಳಿದ, ಅವರ ರಾಜ ಬಂದು ಅಡ್ಡ ನಿಂತ. ಕೊನೆಗೆ ಸ್ಟೇಲ್‌ಮೇಟ್: ಅವರ ರಾಜನಿಗೆ ಶಹ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ. ರಾಜ ಮುಂದೆ ಹೋಗಬೇಕು, ಕಾಲಾಳು ಅವನ ಹಿಂದೆ. ಬಿಳಿ ರಾಜನನ್ನು ಇ5ರಲ್ಲಿ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಐದನೇ ಸಾಲು, ಕೆಳಗಿಂದ ಐದನೇ ಮನೆ), ಕಾಲಾಳನ್ನು ಇ4ರಲ್ಲಿ, ಕರಿ ರಾಜನನ್ನು ಇ7ರಲ್ಲಿ ಇಟ್ಟು ನೋಡಿ. ಕರಿಯ ಸರದಿಯಾದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿಯಾದರೆ ಡ್ರಾ. ಇದೊಂದು ನನಗೆ ಆ ಇಡೀ ಸಿಸಿಲಿಯನ್‌ಗಿಂತ ಜಾಸ್ತಿ ಪಾಯಿಂಟ್ ತಂದಿದೆ.

ಮೂರು ನಿಮಿಷದ ಬ್ಲಿಟ್ಜ್ ಬಿಟ್ಟುಬಿಡಿ. "ಇನ್ನೊಂದೇ ಆಟ" ಅಂತ ರಾತ್ರಿ ಒಂದು ಗಂಟೆ ಆಗುತ್ತದೆ, ಅಲ್ವಾ?

— ಕೋಚ್ ಬಗ್ಗೆ ನಾನು ಹೇಳುತ್ತೇನೆ. ಎರಡು ತಿಂಗಳು ಮಕ್ಕಳ ಬ್ಯಾಚಲ್ಲಿ ಕೂತಿದ್ದೆ. ನಾನು ಪಜಲ್ ಓದಿ ಮುಗಿಸುವಷ್ಟರಲ್ಲಿ ಅವು ಉತ್ತರ ಕೂಗುತ್ತಿದ್ದವು. ಈಗ ತಿಂಗಳಿಗೊಮ್ಮೆ ಒಬ್ಬರ ಹತ್ತಿರ ಹೋಗಿ ನನ್ನ ಸೋತ ಆಟಗಳನ್ನೇ ತೋರಿಸುತ್ತೇನೆ. ಅದು ಸಾಕು. ನನಗೆ ಚದುರಂಗ ಕಲಿಸಿದ್ದು ಅಜ್ಜ, ಹಳೇ ಪದ್ಧತಿಯಲ್ಲಿ. ಅವರ ಆಟದಲ್ಲಿ ಕಾಲಾಳಿಗೆ ಮೊದಲ ನಡೆಗೂ ಒಂದೇ ಮನೆ. ಹಾಗಾಗಿ ಎನ್ ಪಾಸಾಂಟ್ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನು ಒಂದೇ ಮನೆ ನಡೆದಂತೆ ಎದುರಾಳಿಯ ಕಾಲಾಳು ಹೊಡೆಯುವುದು) ಅನ್ನುವುದೊಂದು ಇದೆ ಅಂತ ಗೊತ್ತಾಗಿದ್ದು 35ನೇ ವಯಸ್ಸಲ್ಲಿ, ಕಾಲಾಳು ಕಳೆದುಕೊಂಡು ಎದುರಾಳಿ ಜೊತೆ ಜಗಳಕ್ಕೆ ನಿಂತಾಗ.

— ಒಂದು ಸಣ್ಣ ಮಾತು. ಆನ್‌ಲೈನ್ 1100 ಬೇರೆ, ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ ಬೇರೆ. 2024ರ ಮಾರ್ಚ್‌ನಲ್ಲಿ ಫಿಡೆ ತನ್ನ ರೇಟಿಂಗಿನ ಕೆಳಮಿತಿಯನ್ನು 1000ದಿಂದ 1400ಕ್ಕೆ ಏರಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಬೇಜಾರಾಗಬೇಡಿ. ಮೈಸೂರಿನ ತೇಜ್‌ಕುಮಾರ್ ಅವರು ರೈಲ್ವೆ ಕೆಲಸದ ಜೊತೆಗೇ ಆಡುತ್ತಾ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ನಿಜ. ಆದರೆ ಅವರು ಚಿಕ್ಕಂದಿನಿಂದ ಆಡಿದವರು. ನಮ್ಮ ಕಥೆ ಅದಲ್ಲ.

— ಪ್ರಶ್ನೆ ಕೇಳಿದ್ದು ನಾನೇ. ನಿನ್ನೆ ರಾತ್ರಿ ಕೂತು ಕೊನೆಯ 20 ಸೋಲು ಎಣಿಸಿದೆ. 11ರಲ್ಲಿ ಕುದುರೆಯ ಫೋರ್ಕ್, ಅಂದರೆ ಒಂದೇ ನಡೆಯಲ್ಲಿ ಎರಡು ಕಾಯಿಗಳ ಮೇಲೆ ದಾಳಿ. ಕೋರ್ಸ್ ಕೊಂಡಿಲ್ಲ.